ಹಿಂಭಾರ: ಪಿಕಪ್ಪಿನ ಬೆನ್ನಿಗೆ ಕ್ಯಾಂಪರ್ ಏರಿಸಿದ ಬಗೆ

ಹೋದ ವರ್ಷ ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಮ್ಮ ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಮೊದಲ ಸಲ ಕ್ಯಾಂಪರನ್ನು ಕೂರಿಸಿ, ಪಕ್ಕದಿಂದ ಒಂದು ಫೋಟೋ ತೆಗೆದು, ತಿಪಟೂರಿನ ಹತ್ತಿರದ ಊರಿನಲ್ಲಿರುವ ಅಪ್ಪನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ನಾವಿರುವುದು ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರ್ ನಗರದ ಹೊರವಲಯದಲ್ಲಿ. ಇಲ್ಲಿ ಬೆಳಗಾದಾಗ ಅಲ್ಲಿ ರಾತ್ರಿ ಊಟದ ಹೊತ್ತು. ಹತ್ತು ನಿಮಿಷದೊಳಗೆ ಅಪ್ಪನ ಫೋನು ಬಂತು. ಎಷ್ಟು ಕೊಟ್ಟೆ, ಒಳಗೆ ಏನೇನಿದೆ ಎಂದು ಕೇಳಬಹುದೆಂದುಕೊಂಡಿದ್ದೆ. ಅವರು ಅದನ್ನೊಂದನ್ನೂ ಕೇಳದೆ, "ಹಿಂಭಾರ ಆಗೈತಲ್ಲೋ ಮಗ, ಮೂಕಿ ಎದ್ದಂಗೆ ಕಾಣ್ತೈತೆ" ಎಂದರು.

ಎತ್ತಿನ ಗಾಡಿ ಹೊಡೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಚಕ್ರದ ಗಾಡಿಯಲ್ಲಿ ಹೇರು ಅಚ್ಚಿನಿಂದ ಹಿಂದಕ್ಕೆ ಬಿದ್ದರೆ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಮರ, ಮೇಲೇಳುತ್ತದೆ, ನೊಗ ಎತ್ತುಗಳ ಹೆಗಲನ್ನು ಬಿಟ್ಟು ಕೊರಳ ಕಣ್ಣಿಯನ್ನು ಬಿಗಿಯುತ್ತದೆ. ಮುಂದಕ್ಕೆ ಬಿದ್ದರೆ ಹೆಗಲ ಮೇಲೆ ಇಡೀ ಭಾರ ಕೂರುತ್ತದೆ. ಕೊಬ್ಬರಿ ಮೂಟೆ ಹೇರಿಕೊಂಡು ತಿಪಟೂರಿನ ಮಂಡಿಗೆ ಹೊರಡುವ ಮೊದಲು ಅಪ್ಪ ಕೊನೆಯ ಎರಡು ಮೂಟೆಗಳನ್ನು ಹಿಂದೆ ಮುಂದೆ ಜರುಗಿಸಿ, ನೊಗವನ್ನು ಒಂದು ಕೈಯಲ್ಲಿ ಎತ್ತಿ ನೋಡಿ, ಅದು ತನ್ನ ತೂಕದಲ್ಲಿ ತಾನೇ ಹದವಾಗಿ ಇಳಿಯುತ್ತದೆ ಎಂದು ಖಾತ್ರಿಯಾದ ಮೇಲೆಯೇ ಎತ್ತು ಕಟ್ಟುತ್ತಿದ್ದುದನ್ನು ನಾನು ಬಾಲ್ಯದಲ್ಲಿ ನೂರಾರು ಸಲ ಕಂಡಿದ್ದೇನೆ. ಹಾಗಿದ್ದೂ ಆ ಬೆಳಿಗ್ಗೆ, ಟ್ರಕ್ಕಿಗೆ ನಾಲ್ಕು ಚಕ್ರಗಳಿವೆ, ಎಂಜಿನ್ನಿಗೆ ಬೇಕಾದಷ್ಟು ಬಲವಿದೆ, ಹಾಗಾಗಿ ಏನೂ ಆಗುವುದಿಲ್ಲ ಎಂದು ಅಪ್ಪನಿಗೆ ಸಮಾಧಾನ ಹೇಳಿ ಫೋನಿಟ್ಟೆ. ಅವರ ಮಾತನ್ನು ನಿಜವಾಗಿ ಅರ್ಥ ಮಾಡಿಕೊಳ್ಳಲು ನನಗೆ ಮೂರು ತಿಂಗಳು ಹಿಡಿಯಿತು.

ನಮ್ಮದು 2018ರ ಫೋರ್ಡ್ ಎಫ್-150, ನಾಲ್ಕು ಬಾಗಿಲಿನ ಕ್ಯಾಬ್, ಹಿಂದೆ ಆರೂವರೆ ಅಡಿಯ ತೊಟ್ಟಿ. ಕ್ಯಾಂಪರ್ ಎಂದರೆ ಆ ತೊಟ್ಟಿಯೊಳಕ್ಕೆ ಜಾರಿಸಿ ಕೂರಿಸುವ ಪುಟ್ಟ ಮನೆ: ಮಲಗಲು ಹಾಸಿಗೆ, ಎರಡು ಒಲೆ, ಒಂದು ಫ್ರಿಜ್, ನೀರಿನ ಟ್ಯಾಂಕು, ಚಳಿಗೆ ಹೀಟರ್, ನಿಂತಾಗ ಮೇಲಕ್ಕೆತ್ತುವ ಬಟ್ಟೆಗೋಡೆಯ ಛಾವಣಿ. ಬೇಡವಾದಾಗ ನಾಲ್ಕು ಮೂಲೆಯ ಜ್ಯಾಕುಗಳ ಮೇಲೆ ಎತ್ತಿ ನಿಲ್ಲಿಸಿ ಟ್ರಕ್ಕನ್ನು ಅದರಡಿಯಿಂದ ಈಚೆ ತೆಗೆಯಬಹುದು. ಇದನ್ನು ಬಳಸಿದ ಸ್ಥಿತಿಯಲ್ಲಿ ಒಬ್ಬರಿಂದ ಕೊಂಡೆವು. ಕೊಳ್ಳುವ ಮೊದಲು ಲೆಕ್ಕ ಹಾಕಿರಲಿಲ್ಲವೆಂದಲ್ಲ. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯ ಪ್ರಕಾರ ಜನ ಮತ್ತು ಸಾಮಾನು ಸೇರಿ 1,700 ಪೌಂಡ್, ಅಂದರೆ ಸುಮಾರು 770 ಕಿಲೋ ಹೇರಬಹುದು. ಕ್ಯಾಂಪರಿನ ಕೈಪಿಡಿಯಲ್ಲಿ ಒಣ ತೂಕ 1,120 ಪೌಂಡ್ ಎಂದಿತ್ತು. ಉಳಿದ 580ರಲ್ಲಿ ನಾವು ಮೂವರ ತೂಕ 360 ಕಳೆದರೂ ಬಟ್ಟೆಬರೆಗೆ 220 ಪೌಂಡ್ ಮಿಗುತ್ತದೆ ಎಂದು ಕಾಗದದ ಮೇಲೆ ಬರೆದು ಹೆಂಡತಿಗೂ ತೋರಿಸಿದ್ದೆ. ಆ ಒಣ ತೂಕದಲ್ಲಿ ಫ್ರಿಜ್ಜಾಗಲಿ, ಹೀಟರಾಗಲಿ, ಬ್ಯಾಟರಿಗಳಾಗಲಿ, ಮೂಲೆಯ ಜ್ಯಾಕುಗಳಾಗಲಿ, ಟ್ಯಾಂಕಿನ ನೀರಾಗಲಿ ಸೇರಿಲ್ಲ ಎಂಬುದನ್ನು ಮಾತ್ರ ನಾನು ವಿಚಾರಿಸಿರಲಿಲ್ಲ.

ಮೊದಲ ಪ್ರಯಾಣ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನಕ್ಕೆ. ಉತ್ತರ ಅಮೆರಿಕದ ಅತ್ಯಂತ ಎತ್ತರದ ಮರಳು ದಿಬ್ಬಗಳು ಅಲ್ಲಿವೆ, ಮಗಳಿಗೆ ಅವನ್ನು ತೋರಿಸುವ ಆಸೆ. ಡೆನ್ವರಿನಿಂದ 285ನೇ ಹೆದ್ದಾರಿ ಹಿಡಿದರೆ 10,000 ಅಡಿ ಎತ್ತರದ ಕೆನೋಷಾ ಪಾಸ್ ಹತ್ತಿ, ಸೌತ್ ಪಾರ್ಕ್ ಎಂಬ ವಿಶಾಲವಾದ ಬಯಲಿಗೆ ಇಳಿಯಬೇಕು. ಅಲ್ಲಿ ಮರವಿಲ್ಲ, ಗುಡ್ಡದ ಮರೆಯಿಲ್ಲ. ಪಶ್ಚಿಮದ ಶಿಖರಗಳಿಂದ ಇಳಿದು ಬರುವ ಗಾಳಿ ರಸ್ತೆಗೆ ಅಡ್ಡಲಾಗಿ ಬೀಸುತ್ತದೆ. ಆ ಬಯಲಿನಲ್ಲಿ ಒಂದೊಂದು ಬೀಸಿಗೂ ಟ್ರಕ್ಕು ಎಡಕ್ಕೆ ವಾಲಿ, ಮತ್ತೆ ಬಲಕ್ಕೆ ಮರಳಿ, ನಿಲ್ಲಬೇಕಾದಲ್ಲಿ ನಿಲ್ಲದೆ ಇನ್ನೊಮ್ಮೆ ಎಡಕ್ಕೆ ಹೋಗುತ್ತಿತ್ತು. ಸ್ಟೀರಿಂಗ್ ಕೈಗೆ ಹಗುರವಾಗಿತ್ತು. ಹಗುರವಾದ ಸ್ಟೀರಿಂಗ್ ಸುಖವೆಂದು ಕೆಲವರು ತಿಳಿದಿದ್ದಾರೆ. ಮುಂದಿನ ಚಕ್ರಗಳು ನೆಲವನ್ನು ಸಾಕಷ್ಟು ಒತ್ತುತ್ತಿಲ್ಲ ಎಂಬುದು ಅದರ ಅರ್ಥ. ಸೇತುವೆಗಳ ಕೀಲು ಬಂದಾಗಲೆಲ್ಲ ಹಿಂದಿನಿಂದ ಧಡ್ ಎಂಬ ಸದ್ದು ಬಂದು ಬೆನ್ನುಮೂಳೆಗೇ ತಾಗುತ್ತಿತ್ತು. ಮುಸ್ಸಂಜೆಯಾದ ಮೇಲೆ ಎದುರಿನಿಂದ ಬಂದವರೆಲ್ಲ ನಮಗೆ ದೀಪ ಮಿನುಗಿಸತೊಡಗಿದರು. ನಾನು ಹೈಬೀಮ್ ಹಾಕಿರಲೇ ಇಲ್ಲ.

ಮರುದಿನ ಬೆಳಿಗ್ಗೆ ಶಿಬಿರದಲ್ಲಿ ಅಳತೆ ಟೇಪು ಹಿಡಿದು ನೋಡಿದೆ. ಚಕ್ರದ ಮೇಲಿನ ಕಮಾನಿನ ಎತ್ತರ ಹಿಂದೆ ಮೂರೂವರೆ ಇಂಚು ಇಳಿದಿತ್ತು, ಮುಂದೆ ಅರ್ಧ ಇಂಚು ಏರಿತ್ತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ 157 ಇಂಚು ಉದ್ದದ ವೀಲ್‌ಬೇಸಿನಲ್ಲಿ ನಾಲ್ಕು ಇಂಚಿನ ಓರೆ ಎಂದರೆ ಸಣ್ಣದಲ್ಲ: ಹೆಡ್‌ಲೈಟಿನ ಬೆಳಕು ನೂರು ಅಡಿ ದೂರದಲ್ಲಿ ಎರಡೂವರೆ ಅಡಿ ಮೇಲಕ್ಕೆ ಹೋಗುತ್ತದೆ, ನೇರವಾಗಿ ಎದುರಿನವರ ಕಣ್ಣಿಗೆ. ಆಮೇಲೆ ಟ್ರಕ್ಕಿನಡಿ ನುಸುಳಿದೆ. ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಮತ್ತು ಚಾಸಿಯ (ಟ್ರಕ್ಕಿನ ಅಡಿಚೌಕಟ್ಟು) ನಡುವೆ, ಸ್ಪ್ರಿಂಗ್ ತೀರಾ ಕುಸಿದಾಗ ಲೋಹಕ್ಕೆ ಲೋಹ ಬಡಿಯದಿರಲೆಂದು ಒಂದು ರಬ್ಬರ್ ಗಟ್ಟಿ ಇರುತ್ತದೆ. ಅದರ ಸುತ್ತ ಎಲ್ಲೆಡೆ ಮಣ್ಣು, ಧೂಳು ಮೆತ್ತಿಕೊಂಡಿತ್ತು. ತುದಿಯಲ್ಲಿ ಮಾತ್ರ ನಾಣ್ಯದಗಲದ ಒಂದು ಜಾಗ ಕಪ್ಪಗೆ, ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಅದರೆದುರಿನ ಆಕ್ಸಲಿನ ಮೇಲೂ ಅಷ್ಟೇ ಅಗಲದ ಹೊಳಪು. ಹಿಂದಿನ ದಿನ ದಾರಿಯುದ್ದಕ್ಕೂ ಬೆನ್ನಿಗೆ ತಾಗಿದ ಸದ್ದು ಅಲ್ಲಿಂದ ಬಂದದ್ದು. ಸ್ಪ್ರಿಂಗಿಗೆ ಬಾಗಲು ಇನ್ನು ಜಾಗವೇ ಉಳಿದಿರಲಿಲ್ಲ.

ಮನೆಗೆ ಮರಳಿದ ವಾರದಲ್ಲೇ ಗಾಳಿಚೀಲಗಳನ್ನು ತರಿಸಿದೆ. ಅಪಘಾತದಲ್ಲಿ ಉಬ್ಬುವ ಏರ್‌ಬ್ಯಾಗ್ ಇದಲ್ಲ; ಆಕ್ಸಲಿಗೂ ಚಾಸಿಗೂ ನಡುವೆ ಆ ರಬ್ಬರ್ ಗಟ್ಟಿಯ ಜಾಗದಲ್ಲಿ ಕೂರುವ, ದಪ್ಪ ರಬ್ಬರಿನ ಎರಡು ಮಡಿಕೆಯ ಚೀಲ. ಚಕ್ರಕ್ಕೆ ಗಾಳಿ ತುಂಬುವ ಹಾಗೆಯೇ ಇದಕ್ಕೂ 5ರಿಂದ 100 ಪಿಎಸ್‌ಐವರೆಗೆ ತುಂಬಬಹುದು. ಒಂದು ಮಧ್ಯಾಹ್ನದ ಕೆಲಸ. 60 ಪಿಎಸ್‌ಐ ತುಂಬಿದ ಕೂಡಲೇ ಟ್ರಕ್ಕಿನ ಹಿಂಭಾಗ ನಿಧಾನವಾಗಿ ಎದ್ದು ಸಮವಾಯಿತು. ಅಪ್ಪನಿಗೆ ಮತ್ತೊಂದು ಫೋಟೋ ಕಳಿಸಿದೆ. ಅವರು ನೋಡಿ, ಈಗ ನೆಟ್ಟಗೈತೆ ಎಂದರೂ, "ಹೇರು ಎಲ್ಲಿದ್ದದ್ದು ಅಲ್ಲೇ ಐತೋ, ಸರಿಸಿದ್ಯೋ?" ಎಂದು ಕೇಳಿದರು. ನಾನು ಆ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಎರಡನೆಯ ಪ್ರಯಾಣದಲ್ಲಿ ಧಡ್ ಸದ್ದು ನಿಂತಿತ್ತು, ದೀಪ ಮಿನುಗಿಸುವವರೂ ಇರಲಿಲ್ಲ, ಆದರೆ ತಿರುವುಗಳಲ್ಲಿ ವಾಲುವುದು ಮೊದಲಿಗಿಂತ ಹೆಚ್ಚಾಗಿತ್ತು. ಕಾರಣ ನನ್ನ ಕೆಲಸದಲ್ಲೇ ಇತ್ತು. ಎರಡೂ ಚೀಲಗಳಿಗೆ ಒಂದೇ ಕಡೆಯಿಂದ ಗಾಳಿ ತುಂಬಲು ಅನುಕೂಲವೆಂದು ಕೊಳವೆಗಳನ್ನು ಟೀ (T ಆಕಾರದ) ಜೋಡಣೆಯಿಂದ ಒಂದು ಮಾಡಿದ್ದೆ. ಬಲಕ್ಕೆ ತಿರುಗುವಾಗ ಭಾರ ಎಡಗಡೆಗೆ ಬೀಳುತ್ತದೆ, ಎಡ ಚೀಲ ಅದುಮಿಕೊಳ್ಳುತ್ತದೆ, ಅದರೊಳಗಿನ ಗಾಳಿ ಕೊಳವೆಯ ಮೂಲಕ ಬಲ ಚೀಲಕ್ಕೆ ಹರಿಯುತ್ತದೆ. ತಡೆಯಬೇಕಾದ ಕಡೆ ಮೆತ್ತಗಾಗಿ, ಬೇಡದ ಕಡೆ ಉಬ್ಬುತ್ತದೆ. ನೀರು ಅರ್ಧ ತುಂಬಿದ ಪೀಪಾಯಿಯನ್ನು ಗಾಡಿಯಲ್ಲಿಟ್ಟು ಓಡಿಸಿದ ಹಾಗೆ. ಗಾಳಿಚೀಲ ಹಾಕಿಸುವವರು ಎಡಬಲಗಳಿಗೆ ಬೇರೆ ಬೇರೆ ಕೊಳವೆ, ಬೇರೆ ಬೇರೆ ವಾಲ್ವ್ ಇರಿಸಿಕೊಳ್ಳಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ಇನ್ನೊಂದು ಸಂಗತಿಯೂ ಇದೆ. ಟ್ರಕ್ಕಿನ ಲೀಫ್ ಸ್ಪ್ರಿಂಗ್, ಅಂದರೆ ಉಕ್ಕಿನ ಪಟ್ಟಿಗಳನ್ನು ಜೋಡಿಸಿ ಕಟ್ಟಿದ ಸ್ಪ್ರಿಂಗ್, ತನ್ನ ಭಾರವನ್ನು ಚಾಸಿಗೆ ಎರಡು ಕಡೆ ಕೊಡುತ್ತದೆ, ಆಕ್ಸಲಿನ ಮುಂದೊಂದು, ಹಿಂದೊಂದು. ಗಾಳಿಚೀಲ ಅದೇ ಭಾರದ ಒಂದು ಪಾಲನ್ನು ಆಕ್ಸಲಿನ ನೇರಕ್ಕೆ ಒಂದೇ ಜಾಗದಲ್ಲಿ ಒತ್ತುತ್ತದೆ. ಕ್ಯಾಂಪರ್ ಹಿಂದಕ್ಕೆ ಚಾಚಿಕೊಂಡಿದ್ದು, ಚೀಲದಲ್ಲಿ ಒತ್ತಡ ಹೆಚ್ಚಿದ್ದು, ರಸ್ತೆ ಹದಗೆಟ್ಟಿದ್ದರೆ, ಚಾಸಿ ಆ ಜಾಗದಲ್ಲಿ ಬಾಗಿದ ಉದಾಹರಣೆಗಳಿವೆ.

ಆಗ ಮಾಡಿದ್ದು, ಎಲ್ಲಕ್ಕಿಂತ ಮೊದಲು ಮಾಡಬೇಕಾಗಿದ್ದ ಕೆಲಸ: ತೂಕ ಹಾಕಿಸಿದ್ದು. ಇಲ್ಲಿನ ಹೆದ್ದಾರಿ ಬದಿಯ ಟ್ರಕ್ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಗಳಿರುತ್ತವೆ. ಉದ್ದನೆಯ ಕಟ್ಟೆ ಒಂದೇ ತಟ್ಟೆಯಲ್ಲ, ಬೇರೆ ಬೇರೆ ತೂಗುವ ಮೂರು ತಟ್ಟೆಗಳು. ಮುಂದಿನ ಚಕ್ರಗಳನ್ನು ಮೊದಲನೆಯದರ ಮೇಲೂ ಹಿಂದಿನವನ್ನು ಎರಡನೆಯದರ ಮೇಲೂ ನಿಲ್ಲಿಸಿದರೆ ಎರಡು ಆಕ್ಸಲುಗಳ ತೂಕವನ್ನು ಬೇರೆ ಬೇರೆಯಾಗಿ ಅಚ್ಚು ಹಾಕಿ ಕೊಡುತ್ತಾರೆ. ಸುಮಾರು 15 ಡಾಲರಿನ ಖರ್ಚು. ಎಂಬತ್ತು ಸಾವಿರ ಪೌಂಡಿನ ಹದಿನೆಂಟು ಚಕ್ರದ ಲಾರಿಗಳ ಸಾಲಿನಲ್ಲಿ ನಮ್ಮ ಪಿಕಪ್ಪನ್ನು ನಿಲ್ಲಿಸಲು ನನಗೆ ಸಂಕೋಚವಾಗಿತ್ತು. ಅಲ್ಲಿ ಯಾರೂ ಅದನ್ನು ವಿಚಿತ್ರವೆಂದು ಕಾಣಲಿಲ್ಲ.

ಖಾಲಿ ಟ್ರಕ್ಕು, ಟ್ಯಾಂಕ್ ತುಂಬ ಪೆಟ್ರೋಲು, ಒಳಗೆ ನಾನೊಬ್ಬ: ಮುಂದೆ 3,160, ಹಿಂದೆ 2,380, ಒಟ್ಟು 5,540 ಪೌಂಡ್. ಪ್ರಯಾಣಕ್ಕೆ ಸಜ್ಜಾದಂತೆ ಕ್ಯಾಂಪರ್, ನೀರು, ಸಾಮಾನು, ಹೆಂಡತಿ, ಮಗಳು ಎಲ್ಲ ಸೇರಿದಾಗ: ಮುಂದೆ 3,200, ಹಿಂದೆ 4,260, ಒಟ್ಟು 7,460. ಬಾಗಿಲ ಚೀಟಿಯ ಪ್ರಕಾರ ಟ್ರಕ್ಕಿನ ಒಟ್ಟು ಮಿತಿ 7,050, ಹಿಂದಿನ ಆಕ್ಸಲಿನ ಮಿತಿ 4,050. ಅಂದರೆ ಒಟ್ಟಿನಲ್ಲಿ 410 ಪೌಂಡ್, ಸುಮಾರು 186 ಕಿಲೋ, ಮಿತಿ ಮೀರಿದ್ದೆವು; ಹಿಂದಿನ ಆಕ್ಸಲ್ ಒಂದರ ಮೇಲೇ 210 ಪೌಂಡ್ ಹೆಚ್ಚು. ಸೇರಿಸಿದ 1,920 ಪೌಂಡಿನಲ್ಲಿ ಮುಂದಿನ ಆಕ್ಸಲಿಗೆ ಹೋದದ್ದು ನಲವತ್ತೇ ನಲವತ್ತು. ಖಾಲಿಯಿದ್ದಾಗ ಒಟ್ಟು ಭಾರದಲ್ಲಿ ಶೇಕಡ 57ರಷ್ಟನ್ನು ಹೊರುತ್ತಿದ್ದ ಮುಂದಿನ ಚಕ್ರಗಳು ಈಗ ಶೇಕಡ 43ರಷ್ಟನ್ನು ಮಾತ್ರ ಹೊರುತ್ತಿದ್ದವು. ಸ್ಟೀರಿಂಗ್ ಏಕೆ ಹಗುರವಾಯಿತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಮೂಕಿ ಎದ್ದಿತ್ತು.

ಅಲ್ಲೇ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಗಾಳಿಚೀಲಗಳ ಗಾಳಿಯನ್ನು 60ರಿಂದ 5 ಪಿಎಸ್‌ಐಗೆ ಇಳಿಸಿ, ಟ್ರಕ್ಕಿನ ಹಿಂಭಾಗ ಮತ್ತೆ ಕುಸಿದು ಕೂತ ಮೇಲೆ, ಸುತ್ತಿ ಬಂದು ಮತ್ತೊಮ್ಮೆ ತೂಗಿಸಿದೆ. ಹಿಂದಿನ ಆಕ್ಸಲಿನ ಅಂಕಿ 4,260 ಇದ್ದದ್ದು 4,260ರಲ್ಲೇ ಇತ್ತು. ಮೂರೂವರೆ ಇಂಚು ಎದ್ದು ನೆಟ್ಟಗೆ ನಿಂತ ಟ್ರಕ್ಕೂ ಕುಸಿದು ಕೂತ ಟ್ರಕ್ಕೂ ಆ ತಟ್ಟೆಯ ಮಟ್ಟಿಗೆ ಒಂದೇ. ಆ ಎರಡು ಚೀಟಿಗಳನ್ನು ನಾನು ಈಗಲೂ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ, ಕ್ಯಾಂಪರ್ ಕೊಳ್ಳುವ ಆಸೆಯಿಂದ ನನ್ನನ್ನು ಕೇಳುವ ಗೆಳೆಯರಿಗೆ ಮೊದಲು ಅವನ್ನೇ ತೋರಿಸುತ್ತೇನೆ. ಹಿಂದಿನ ಸಸ್ಪೆನ್ಷನ್ನನ್ನು ಎಷ್ಟೇ ಬಲಪಡಿಸಿದರೂ ಬಾಗಿಲ ಚೀಟಿಯ ಮಿತಿ ಏರುವುದಿಲ್ಲ. ಆ ಅಂಕಿ ಸ್ಪ್ರಿಂಗನ್ನು ಮಾತ್ರ ನೋಡಿ ಬರೆದದ್ದಲ್ಲ. ಚಾಸಿ, ಆಕ್ಸಲಿನ ಕೊಳವೆ, ಚಕ್ರದ ಬೇರಿಂಗು, ರಿಮ್ಮು, ಟೈರು, ಬ್ರೇಕು, ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ತಯಾರಕರು ನಿಗದಿ ಮಾಡಿದ್ದು. ಕೆನೋಷಾದ ಇಳಿಜಾರಿನಲ್ಲಿ ಬ್ರೇಕು ತಡೆಯಬೇಕಾದದ್ದು ನಿಜವಾದ ತೂಕವನ್ನು. ಟ್ರಕ್ಕು ನೋಡಲು ಸಮವಾಗಿದೆಯೇ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ಒಳಗೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಈ ವ್ಯತ್ಯಾಸವನ್ನು ಮರೆಯುವ ಹಕ್ಕು ಯಾರಿಗೂ ಇಲ್ಲವೆಂದು ನಾನು ನಂಬಿದ್ದೇನೆ.

ಹೀಗಾಗಿ ಸಸ್ಪೆನ್ಷನ್ ಕೆಲಸ ಶುರುವಾದದ್ದು ಸಾಮಾನು ಇಳಿಸುವುದರಿಂದ. ನೀರಿನ ಟ್ಯಾಂಕು 20 ಗ್ಯಾಲನ್ನಿನದು. ಒಂದು ಗ್ಯಾಲನ್ ನೀರು 8.34 ಪೌಂಡ್ ತೂಗುವುದರಿಂದ ತುಂಬಿದ ಟ್ಯಾಂಕು ಎಂದರೆ 167 ಪೌಂಡ್. ಹೋಗುವ ಶಿಬಿರದಲ್ಲಿ ನಲ್ಲಿ ಇದ್ದೇ ಇರುತ್ತದೆ, ಹಾಗಾಗಿ ಆರು ಗ್ಯಾಲನ್ ಸಾಕೆಂದು ತೀರ್ಮಾನಿಸಿದೆವು. ಎರಡು ಸೀಸದ ಬ್ಯಾಟರಿಗಳ ಬದಲು ಒಂದು ಲಿಥಿಯಂ ಬ್ಯಾಟರಿ ಬಂತು, ಅದರಿಂದಲೇ 90 ಪೌಂಡಿಗೂ ಹೆಚ್ಚು ಉಳಿಯಿತು. ಜನರೇಟರ್ ಮನೆಯಲ್ಲೇ ಉಳಿಯಿತು. ಬೀಡುಕಬ್ಬಿಣದ ಬಾಣಲೆಗಳನ್ನೂ ಎರಡು ಪೆಟ್ಟಿಗೆ ಉಪಕರಣಗಳನ್ನೂ ಇಳಿಸಿದೆ. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಹಿಂಬದಿಗೆ ನೇತುಹಾಕಿದ್ದ ಸೈಕಲ್ಲುಗಳನ್ನು ಬಿಟ್ಟದ್ದು. ಸೈಕಲ್ಲು, ಅದರ ಚೌಕಟ್ಟು ಸೇರಿ 110 ಪೌಂಡ್. ಆದರೆ ಅವು ಆಕ್ಸಲಿನಿಂದ ಏಳು ಅಡಿ ಹಿಂದಿದ್ದವು. ಸನ್ನೆಗೋಲಿನ ಲೆಕ್ಕದಲ್ಲಿ ಅವು ಹಿಂದಿನ ಆಕ್ಸಲಿನ ಮೇಲೆ 170 ಪೌಂಡಿನಷ್ಟು ಕೂರುತ್ತ, ಮುಂದಿನ ಆಕ್ಸಲಿನಿಂದ 60 ಪೌಂಡನ್ನು ಎತ್ತಿಬಿಡುತ್ತಿದ್ದವು. ಮಗಳಿಗೆ ತನ್ನ ಸೈಕಲ್ ಬಿಟ್ಟು ಬರಲು ಬೇಸರವಾಯಿತು, ಅದು ಸಹಜವೇ.

ಮತ್ತೆ ಕಟ್ಟೆಗೆ ಹೋದಾಗ: ಮುಂದೆ 3,240, ಹಿಂದೆ 3,780, ಒಟ್ಟು 7,020. ಹಿಂದಿನಿಂದ 480 ಇಳಿದು ಮುಂದಕ್ಕೆ 40 ಸೇರಿತ್ತು. ಅಪ್ಪ ಕೇಳಿದ್ದ ಪ್ರಶ್ನೆಗೆ ಈಗ ಉತ್ತರವಿತ್ತು. ಕ್ಯಾಂಪರಿನ ಪಕ್ಕದ ಗೋಡೆಯಲ್ಲಿ ಅದರ ಭಾರದ ಕೇಂದ್ರ ಎಲ್ಲಿದೆ ಎಂಬ ಗುರುತು ಇದೆ, ಟ್ರಕ್ಕಿನ ಕೈಪಿಡಿಯಲ್ಲಿ ಆ ಗುರುತು ಎಲ್ಲಿಂದ ಎಲ್ಲಿಯೊಳಗೆ ಬೀಳಬೇಕು ಎಂಬ ಅಳತೆ ಇರುತ್ತದೆ. ಅದು ಹಿಂದಿನ ಆಕ್ಸಲಿನಿಂದ ಮುಂದಕ್ಕೇ ಬೀಳಬೇಕು. ಸಾಮಾನು ತುಂಬುವ ಮನುಷ್ಯ ಆ ಗುರುತನ್ನು ತನಗೆ ಗೊತ್ತಿಲ್ಲದೆಯೇ ಹಿಂದಕ್ಕೆ ತಳ್ಳುತ್ತ ಹೋಗುತ್ತಾನೆ, ಏಕೆಂದರೆ ಬಾಗಿಲು ಇರುವುದು ಹಿಂದೆ, ಕೈಗೆ ಸಿಗುವ ಕಪಾಟುಗಳಿರುವುದೂ ಹಿಂದೆ.

ಮಿತಿಯೊಳಗೆ ಬಂದ ಮೇಲೂ, ಗಾಳಿಚೀಲಗಳ ಆಸರೆಯಿಲ್ಲದಿದ್ದರೆ ಟ್ರಕ್ಕು ಎರಡೂವರೆ ಇಂಚು ಕುಸಿಯುತ್ತಲೇ ಇತ್ತು. ಸ್ಪ್ರಿಂಗಿನ ಪ್ರಶ್ನೆ ಈಗ ನ್ಯಾಯವಾಗಿ ಎದುರಾಯಿತು. ಇದಕ್ಕೆ ಇಲ್ಲಿ ಹಲವು ಪರಿಹಾರಗಳು ಸಿಗುತ್ತವೆ. ಟಿಂಬ್ರೆನ್‌ನಂಥ ಟೊಳ್ಳು ರಬ್ಬರಿನ ಸ್ಪ್ರಿಂಗುಗಳು ಮೂಲ ರಬ್ಬರ್ ಗಟ್ಟಿಯ ಜಾಗದಲ್ಲಿ ಕೂತು, ಭಾರ ಬಿದ್ದಂತೆಲ್ಲ ಬಿಗಿಯಾಗುತ್ತವೆ. ಗಾಳಿ ಸೋರುವ ಭಯವಿಲ್ಲ. ಟಾರ್ಕ್‌ಲಿಫ್ಟ್ ಕಂಪನಿಯ ಸ್ಟೇಬಲ್‌ಲೋಡ್, ಸ್ಪ್ರಿಂಗಿನ ತಳದಲ್ಲಿರುವ ದಪ್ಪನೆಯ ಹೆಚ್ಚುವರಿ ಪಟ್ಟಿಯು ಬೇಗನೆ ಕೆಲಸಕ್ಕೆ ಬರುವಂತೆ ನಡುವಿನ ಸಂದನ್ನು ತುಂಬುತ್ತದೆ. ವರ್ಷದಲ್ಲಿ ನಾಲ್ಕೇ ವಾರ ಕ್ಯಾಂಪರ್ ಹೊರುವವರಿಗೆ ಇವುಗಳಲ್ಲಿ ಒಂದು ಸಾಕೆಂಬುದು ನನ್ನ ಅಭಿಪ್ರಾಯ. ನಮ್ಮದು ಹಾಗಲ್ಲ, ಏಪ್ರಿಲಿನಿಂದ ಅಕ್ಟೋಬರಿನವರೆಗೆ ಕ್ಯಾಂಪರ್ ಇಳಿಯುವುದೇ ಇಲ್ಲ. ಭಾರ ಕಾಯಂ ಎಂದಾದರೆ ಭಾರ ಹೊರುವ ಸ್ಪ್ರಿಂಗೇ ಅದಕ್ಕೆ ತಕ್ಕದ್ದಾಗಿರಬೇಕು, ಊರುಗೋಲು ಕೊಟ್ಟು ನಿಲ್ಲಿಸುವುದು ಸರಿಯಲ್ಲ ಎನ್ನಿಸಿತು.

ಲೀಫ್ ಸ್ಪ್ರಿಂಗ್ ಹಳೆಯ, ಸರಳವಾದ ವಸ್ತು, ಆದರೆ ಅದರೊಳಗಿನ ಲೆಕ್ಕ ಸೂಕ್ಷ್ಮವಾದದ್ದು. ಒಂದು ಪಟ್ಟಿಯ ಬಿಗುವು ಅದರ ಅಗಲಕ್ಕೆ ನೇರವಾಗಿಯೂ ದಪ್ಪಕ್ಕೆ ಘನವಾಗಿಯೂ ಹೆಚ್ಚುತ್ತದೆ: ದಪ್ಪ ಎರಡು ಪಟ್ಟಾದರೆ ಬಿಗುವು ಎಂಟು ಪಟ್ಟು. ಹಾಗಾಗಿ ಒಂದೇ ದಪ್ಪ ಪಟ್ಟಿ ಹಾಕಿದರೆ ಭಾರವೇನೋ ನಿಲ್ಲುತ್ತದೆ, ಸಣ್ಣ ಗುಂಡಿಗೂ ಟ್ರಕ್ಕು ಕುಪ್ಪಳಿಸುತ್ತದೆ. ತೆಳ್ಳನೆಯ ಹಲವು ಪಟ್ಟಿಗಳನ್ನು ಉದ್ದದಿಂದ ಗಿಡ್ಡಕ್ಕೆ ಜೋಡಿಸಿ ಕಟ್ಟಿದರೆ ಅದೇ ಭಾರವನ್ನು ಅವು ಬಾಗುತ್ತ ಹೊರುತ್ತವೆ, ಒಂದರ ಮೇಲೊಂದು ಉಜ್ಜುವ ಘರ್ಷಣೆ ಕುಣಿತವನ್ನೂ ಸ್ವಲ್ಪ ತಗ್ಗಿಸುತ್ತದೆ. ಇಂಥ ಸ್ಪ್ರಿಂಗುಗಳನ್ನು ಅಳತೆಗೆ ತಕ್ಕಂತೆ ಮಾಡಿಕೊಡುವ ಒಂದು ಅಂಗಡಿ ಕೊಲರಾಡೋದ ಪಶ್ಚಿಮ ತುದಿಯ ಗ್ರಾಂಡ್ ಜಂಕ್ಷನ್ನಿನಲ್ಲಿದೆ. ಫೋನಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆಯೇ ಎರಡೂ ಆಕ್ಸಲುಗಳ ತೂಕ ಖಾಲಿಯಿದ್ದಾಗ ಎಷ್ಟು, ತುಂಬಿದಾಗ ಎಷ್ಟು ಎಂಬುದು. ಚೀಟಿ ನೋಡಿ ಓದಿ ಹೇಳಿದೆ. ಅಂದಾಜು ಹೇಳಿದ್ದರೆ ಅವರು ಅಂದಾಜಿನ ಸ್ಪ್ರಿಂಗನ್ನೇ ಮಾಡಿಕೊಡುತ್ತಿದ್ದರು. ತುಂಬಿದಾಗ ಹಿಂದೆ 3,800 ಪೌಂಡ್, ಆಗ ಟ್ರಕ್ಕು ಸಮವಾಗಿ ನಿಲ್ಲಬೇಕು; ಖಾಲಿಯಿದ್ದಾಗ ಒಂದಿಷ್ಟು ಎದ್ದಿದ್ದರೂ ಚಿಂತೆಯಿಲ್ಲ ಎಂದು ಒಪ್ಪಂದವಾಯಿತು.

ಸ್ಪ್ರಿಂಗ್ ಬದಲಿಸುವ ಕೆಲಸವನ್ನು ಸೆಪ್ಟೆಂಬರಿನ ಒಂದು ಶನಿವಾರ ಮನೆಯ ಮುಂದೆಯೇ ಮಾಡಿದೆವು. ದಾವಣಗೆರೆಯ ಗೆಳೆಯನೊಬ್ಬ ಜೊತೆಗೆ ಬಂದ. ಅವನ ಸೋದರಮಾವನಿಗೆ ಲಾರಿಗಳಿದ್ದವು. "ಬ್ಲೇಡ್ ಕಟ್ ಆದ್ರೆ ಲಾರಿ ಎರಡು ದಿನ ನಿಂತು ಹೋಗ್ತಿತ್ತು, ನೋಡಿ ನೋಡಿ ಕಲ್ತೆ" ಎಂದು ಹೇಳುತ್ತ, ಲೀಫ್ ಸ್ಪ್ರಿಂಗಿಗೆ ಬ್ಲೇಡ್ ಸೆಟ್ ಎಂದೇ ಕರೆಯುತ್ತ ಇಡೀ ದಿನ ಕೆಲಸ ಮಾಡಿದ. ಮುಂದಿನ ಚಕ್ರಗಳಿಗೆ ಅಡ್ಡ ಇಟ್ಟು, ಚಾಸಿಯನ್ನು ಗಟ್ಟಿಮುಟ್ಟಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಆಕ್ಸಲಿನ ಭಾರವನ್ನು ಬೇರೆ ಜ್ಯಾಕಿಗೆ ಕೊಟ್ಟೆವು. ಜ್ಯಾಕೊಂದನ್ನೇ ನಂಬಿ ಟ್ರಕ್ಕಿನಡಿ ಎಂದೂ ತಲೆಯಿಡಬಾರದು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಹಿಮ ಕರಗಿಸುವ ಮೆಗ್ನೀಸಿಯಂ ಕ್ಲೋರೈಡ್ ಸುರಿಯುತ್ತಾರೆ, ಅದರಿಂದ ನಟ್ಟುಗಳೆಲ್ಲ ತುಕ್ಕಿಗೆ ಅಂಟಿಕೊಂಡಿದ್ದವು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದರೂ ಎರಡು ಯು-ಬೋಲ್ಟುಗಳನ್ನು ಕೊನೆಗೆ ಕತ್ತರಿಸಿಯೇ ತೆಗೆಯಬೇಕಾಯಿತು. ಕತ್ತರಿಸಿದ್ದರಿಂದ ನಷ್ಟವೇನೂ ಆಗಲಿಲ್ಲ. ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿದು ಹಿಡಿಯುವ ಈ ಯು-ಬೋಲ್ಟುಗಳು ಒಮ್ಮೆ ಬಿಗಿದಾಗ ಎಳೆದುಕೊಂಡು ಉದ್ದವಾಗಿರುತ್ತವೆ, ಅವನ್ನು ಮತ್ತೆ ಬಳಸಬಾರದು. ಹೊಸ ಸ್ಪ್ರಿಂಗಿನ ಜೊತೆ ಹೊಸವನ್ನೇ ತರಿಸಿದ್ದೆ.

ಹಳೆಯ ಸ್ಪ್ರಿಂಗನ್ನು ಇಳಿಸಿ ಹೊಸದರ ಪಕ್ಕ ಸಿಮೆಂಟಿನ ನೆಲದ ಮೇಲೆ ಇಟ್ಟಾಗ ನನಗೆ ಆದ ತಿಳಿವಳಿಕೆ ಯಾವ ಲೆಕ್ಕದಿಂದಲೂ ಆಗಿರಲಿಲ್ಲ. ಹೊಸದು ಬಿಲ್ಲಿನಂತೆ ಬಾಗಿ ನಿಂತಿತ್ತು, ಅದರಡಿ ನನ್ನ ಅಂಗೈ ಮಡಿಸಿ ತೂರಿಸಬಹುದಿತ್ತು. ಹಳೆಯದರಡಿ ನಾಲ್ಕು ಬೆರಳೂ ಸಲೀಸಾಗಿ ಹೋಗಲಿಲ್ಲ. ಎಡ ಮತ್ತು ಬಲದವನ್ನು ಹೋಲಿಸಿದರೆ, ಫ್ರಿಜ್ಜು ಮತ್ತು ಒಲೆಯಿದ್ದ ಎಡಗಡೆಯದು ಇನ್ನೂ ಚಪ್ಪಟೆ. ಐದು ವರ್ಷದ ಸ್ಪ್ರಿಂಗು ಮೂರು ತಿಂಗಳ ತಪ್ಪು ಹೇರಿಗೆ ತನ್ನ ಬಾಗನ್ನು ಬಿಟ್ಟುಕೊಟ್ಟಿತ್ತು.

ಎಡಗಡೆಯ ಮುಂಬೋಲ್ಟನ್ನು ಹೊರಗೆಳೆಯಲು ಪೆಟ್ರೋಲ್ ಟ್ಯಾಂಕು ಅಡ್ಡವಾಗಿತ್ತು, ಅದರ ಪಟ್ಟಿ ಸಡಿಲಿಸಿ ಟ್ಯಾಂಕನ್ನು ಎರಡು ಇಂಚು ಇಳಿಸುವುದರಲ್ಲೇ ಮಧ್ಯಾಹ್ನ ಕಳೆಯಿತು. ಹೊಸ ಸ್ಪ್ರಿಂಗನ್ನು ಕೂರಿಸಿ, ನಡುವಿನ ಬೋಲ್ಟಿನ ತಲೆ ಆಕ್ಸಲಿನ ಮೇಲಿನ ರಂಧ್ರದಲ್ಲಿ ಸರಿಯಾಗಿ ಇಳಿದಿದೆಯೇ ಎಂದು ಕನ್ನಡಿ ಹಿಡಿದು ನೋಡಿ, ಯು-ಬೋಲ್ಟುಗಳನ್ನು ಕರ್ಣದ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಅಂಗಡಿಯವರು ಬರೆದುಕೊಟ್ಟ ಟಾರ್ಕಿಗೆ (ಬಿಗಿತದ ಅಳತೆಗೆ) ತಂದೆವು. ಇಲ್ಲಿ ಅನೇಕರು ತಪ್ಪುವ ಒಂದು ವಿಷಯವಿದೆ: ಸ್ಪ್ರಿಂಗಿನ ಎರಡು ತುದಿಯ ಬೋಲ್ಟುಗಳನ್ನು ಟ್ರಕ್ಕು ಗಾಳಿಯಲ್ಲಿ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಒಳಗಿನ ರಬ್ಬರ್ ಬುಶ್ಶು ಆ ಸ್ಥಿತಿಯಲ್ಲೇ ಸಿಕ್ಕಿಕೊಂಡು, ಟ್ರಕ್ಕು ನೆಲಕ್ಕಿಳಿದಾಗಿನಿಂದ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರ ನೆಲಕ್ಕೆ ತಾಗಿ, ಭಾರ ಪೂರ್ತಿ ಕೂತ ಮೇಲೆ ಅವನ್ನು ಬಿಗಿಯಬೇಕು. ಬ್ರೇಕಿನ ಕೊಳವೆ, ಎಬಿಎಸ್ ತಂತಿಗಳು ಹೊಸ ಎತ್ತರದಲ್ಲಿ ಎಳೆದುಕೊಂಡಿಲ್ಲ ಎಂಬುದನ್ನೂ ಆಗಲೇ ನೋಡಿಕೊಂಡೆವು. ರಾತ್ರಿ ಎಂಟಕ್ಕೆ ಕೈ ತೊಳೆದಾಗ ನನ್ನ ಹೆಂಡತಿ ಮಾಡಿಟ್ಟಿದ್ದ ಬಿಸಿಬೇಳೆಬಾತ್ ತಣ್ಣಗಾಗಿತ್ತು, ಮತ್ತೆ ಬಿಸಿ ಮಾಡಿ ಬಡಿಸಿದಳು.

ಉಳಿದ ಕೆಲಸಗಳನ್ನು ಚುಟುಕಾಗಿ ಹೇಳುತ್ತೇನೆ. ಹಳೆಯ ಶಾಕ್ ಅಬ್ಸಾರ್ಬರುಗಳು ಖಾಲಿ ಟ್ರಕ್ಕಿಗೆ ಹೊಂದಿಸಿದವು. ಹೆಚ್ಚಿದ ಭಾರವನ್ನು ಸ್ಪ್ರಿಂಗು ಮೇಲಕ್ಕೆಸೆದಾಗ ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಅವಕ್ಕಿರಲಿಲ್ಲ. ಬಿಗಿತವನ್ನು ಗುಬುಟು ತಿರುಗಿಸಿ ಹೊಂದಿಸಬಲ್ಲ ಶಾಕುಗಳನ್ನು ಹಾಕಿದೆ. ಹಿಂಭಾಗಕ್ಕೆ ಮೂಲತಃ ಸ್ವೇ ಬಾರ್, ಅಂದರೆ ಎಡಬಲಕ್ಕೆ ವಾಲುವುದನ್ನು ತಡೆಯುವ ಉಕ್ಕಿನ ಸರಳು, ಇರಲಿಲ್ಲ, ಅದನ್ನೂ ಸೇರಿಸಿದೆ. ಗಾಳಿಯ ಬಯಲಿನಲ್ಲಿ ವಾಲುವುದನ್ನು ತಗ್ಗಿಸಲು ಇಷ್ಟು ನೇರವಾಗಿ ಕೆಲಸ ಮಾಡುವ ಮತ್ತೊಂದು ವಸ್ತುವನ್ನು ನಾನು ಕಂಡಿಲ್ಲ. ಕಾರಿನ ದರ್ಜೆಯ ಟೈರುಗಳ ಜಾಗಕ್ಕೆ ಅದೇ ಅಳತೆಯ, ಹೆಚ್ಚು ಭಾರ ಹೊರುವ ಲೋಡ್ ರೇಂಜ್ ಇ ದರ್ಜೆಯ ಎಲ್‌ಟಿ (ಲೈಟ್ ಟ್ರಕ್) ಟೈರುಗಳು ಬಂದವು. 80 ಪಿಎಸ್‌ಐನಲ್ಲಿ ಒಂದೊಂದೂ 3,415 ಪೌಂಡ್ ಹೊರಬಲ್ಲದು, ಪಕ್ಕದ ಗೋಡೆಗಳೂ ಗಟ್ಟಿ. ನಮ್ಮ ಭಾರಕ್ಕೆ ಅಷ್ಟು ಗಾಳಿ ಬೇಕಿಲ್ಲ, ಟೈರು ತಯಾರಕರ ಪಟ್ಟಿಯಲ್ಲಿ ಆಕ್ಸಲಿನ ತೂಕ ನೋಡಿ ತುಂಬಬೇಕು. ಕ್ಯಾಂಪರನ್ನು ತೊಟ್ಟಿಯ ಅಂಚಿಗೆ ಕಟ್ಟಿದ್ದನ್ನು ಬಿಡಿಸಿ ಚಾಸಿಗೇ ಕಟ್ಟಿದೆ, ಏಕೆಂದರೆ ನಮ್ಮ ಟ್ರಕ್ಕಿನ ತೊಟ್ಟಿ ಅಲ್ಯೂಮಿನಿಯಮ್ಮಿನದು, ಅದರ ಅಂಚು ಆ ಎಳೆತಕ್ಕೆ ಬಾಗಬಹುದು. ಹೆಡ್‌ಲೈಟುಗಳನ್ನು, ಕ್ಯಾಂಪರ್ ಹೊತ್ತ ಸ್ಥಿತಿಯಲ್ಲಿ, ಗ್ಯಾರೇಜಿನ ಬಾಗಿಲಿಗೆ ಬೆಳಕು ಬಿಟ್ಟು ಮತ್ತೆ ಹೊಂದಿಸಿದೆ.

ಗಾಳಿಚೀಲಗಳನ್ನು ತೆಗೆದುಹಾಕಲಿಲ್ಲ. ಟೀ ಜೋಡಣೆ ಕಿತ್ತು, ಎಡಕ್ಕೊಂದು ಬಲಕ್ಕೊಂದು ಕೊಳವೆ ಹಾಕಿ, 15 ಪಿಎಸ್‌ಐ ಆಸುಪಾಸಿನಲ್ಲಿ ಇಟ್ಟಿದ್ದೇನೆ. ಭಾರ ಹೊರುವುದು ಸ್ಪ್ರಿಂಗು. ಎಡಬಲದ ಸಣ್ಣ ಓರೆಯನ್ನು ಸರಿಮಾಡುವಷ್ಟೇ ಈಗ ಚೀಲಗಳ ಕೆಲಸ.

ಅಕ್ಟೋಬರಿನ ಮೊದಲ ವಾರ ಅದೇ 285ನೇ ಹೆದ್ದಾರಿಯಲ್ಲಿ ಮತ್ತೆ ಮರಳು ದಿಬ್ಬಗಳ ಕಡೆಗೆ ಹೊರಟೆವು. ಕೆನೋಷಾದಲ್ಲಿ ಆಸ್ಪೆನ್ ಮರಗಳೆಲ್ಲ ಅರಿಸಿನದ ಬಣ್ಣಕ್ಕೆ ತಿರುಗಿದ್ದವು. ಸೌತ್ ಪಾರ್ಕಿನಲ್ಲಿ ಗಾಳಿ ಜೂನ್ ತಿಂಗಳಿಗಿಂತ ಜೋರಾಗಿತ್ತು, ಬೇಲಿಯ ತಂತಿಗೆ ಸಿಕ್ಕಿದ ಒಣಹುಲ್ಲು ಅಡ್ಡಡ್ಡ ಹಾರುತ್ತಿತ್ತು. ಬೀಸು ಬಂದಾಗ ಟ್ರಕ್ಕು ಒಮ್ಮೆ ವಾಲಿ, ಮರಳಿ, ಅಲ್ಲಿಗೇ ನಿಲ್ಲುತ್ತಿತ್ತು. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು. ಜೂನ್‌ನಲ್ಲಿ ಅದೇ ಜಾಗದಲ್ಲಿ ಅವಳು ನನ್ನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಶಿಬಿರ ತಲುಪಿದ ಮೇಲೆ ಅಡಿಯಲ್ಲಿ ನುಸುಳಿ, ಟಾರ್ಚು ಬಿಟ್ಟು, ಗಾಳಿಚೀಲದಿಂದ ಸ್ಪ್ರಿಂಗಿನವರೆಗೆ ಎಲ್ಲವನ್ನೂ ನೋಡಿದೆ. ಯು-ಬೋಲ್ಟಿನ ನಟ್ಟುಗಳ ಮೇಲೆ ಬಿಳಿ ಬಣ್ಣದಿಂದ ಎಳೆದಿದ್ದ ಗೆರೆಗಳು ಎಳೆದಲ್ಲೇ ಇದ್ದವು. ಮೊದಲ ನೂರು ಮೈಲಿ ಮುಗಿದಾಗ ಒಮ್ಮೆ ಬಿಗಿತ ನೋಡಿಯಾಗಿತ್ತು, ಐನೂರು ಮುಗಿದಾಗ ಇನ್ನೊಮ್ಮೆ ನೋಡಬೇಕಿತ್ತು.

ಆ ರಾತ್ರಿ ಅಪ್ಪನಿಗೆ ಫೋನು ಮಾಡಿ, ಹೇರನ್ನು ಇಳಿಸಿದ್ದನ್ನೂ ಮುಂದಕ್ಕೆ ಸರಿಸಿದ್ದನ್ನೂ ಹೇಳಿದೆ. ಅವರು ಅದನ್ನೆಲ್ಲ ಕೇಳಿಸಿಕೊಂಡು, "ಕೀಲೆಣ್ಣೆ ಹಾಕಿದ್ಯೇನೋ?" ಎಂದರು. ಸ್ವೇ ಬಾರಿನ ಬುಶ್ಶುಗಳಿಗೆ ಗ್ರೀಸು ತುಂಬುವ ಮೂತಿಗಳಿರುವುದನ್ನೂ, ಮುಂದಿನ ಪ್ರಯಾಣಕ್ಕೆ ಮೊದಲು ಅವಕ್ಕೆ ಗ್ರೀಸ್ ಗನ್ನು ಹಿಡಿಯಬೇಕಾಗಿರುವುದನ್ನೂ ವಿವರಿಸಿದೆ. ಎಡಗಡೆ ಇನ್ನೂ ಕಾಲು ಇಂಚು ತಗ್ಗಿದೆ, ಎಡ ಚೀಲಕ್ಕೆ ಗಾಳಿ ಸೇರಿಸಿ ಅದನ್ನು ಮರೆಸುವ ಬದಲು ಬ್ಯಾಟರಿಯನ್ನು ಬಲಗಡೆಯ ಮುಂದಿನ ಮೂಲೆಗೆ ಸಾಗಿಸುವ ಯೋಚನೆಯಿದೆ ಎಂದೂ ಹೇಳಿದೆ. ಹಾಗೇ ಮಾಡು ಎಂದರು.